ನೆಲಗುಬ್ಬಿಗೆ ಮೂರಡಿ

ನಮ್ಮ ಮನೆಯ ಕಾಂಪೌಂಡು ಸೊಟ್ಟಗಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೀವು ನಮ್ಮ ಮನೆಗೆ ಬಂದರೆ ಕಾಫಿ ಲೋಟ ಕೈಗೆ ಬರುವ ಮೊದಲೇ ಅದನ್ನು ಕೇಳುವವರೇ. ಹಿತ್ತಲ ಮೂಲೆಯಿಂದ ಸರಿಯಾಗಿಯೇ ಹೊರಡುವ ಉತ್ತರದ ಗೋಡೆ ರಸ್ತೆಯನ್ನು ಮುಟ್ಟುವಷ್ಟರಲ್ಲಿ ಮೂರಡಿ ಒಳಗೆ ಸರಿದುಬಿಟ್ಟಿರುತ್ತದೆ. ವಾಸ್ತು ಬಲ್ಲವರು ಗೇಟಿನ ಹತ್ತಿರವೇ ನಿಂತು ‘ಈಶಾನ್ಯ ಕಡಿತ’ ಎಂದು, ಡಾಕ್ಟರು ಕಾಯಿಲೆಯ ಹೆಸರು ಹೇಳುವ ಧಾಟಿಯಲ್ಲಿ ಹೇಳುತ್ತಾರೆ. ವಿಜಯನಗರದಲ್ಲಿ ವಾಸ್ತು ಬಾರದವರನ್ನು ನಾನಿನ್ನೂ ಕಂಡಿಲ್ಲ. ಮೂವತ್ತು ತುಂಬುವ ಮೊದಲೇ ನನ್ನ ತಲೆಗೂದಲು ಉದುರಿದ್ದು, ನಮ್ಮ ತೆಂಗಿನ ಮರ ಬರೀ ಹೀಚು ಉದುರಿಸುವುದು, ನನ್ನ ಹೆಂಡತಿಯ ಅರೆತಲೆನೋವು, ಮಗ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು, ಎಲ್ಲಕ್ಕೂ ಆ ಮೂರಡಿಯೇ ಕಾರಣವೆಂದು ತೀರ್ಮಾನವಾಗಿದೆ. ಗಣಿತದ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿದೆ. ನಾನು ಡುಮ್ಕಿ ಹೊಡೆದಾಗ ಈ ಕಾಂಪೌಂಡು ಇರಲೇ ಇಲ್ಲ.

ಮೊನ್ನೆ ಬಣ್ಣ ಬಳಿಯಲು ಬಂದವನೂ ಬ್ರಷ್ಷು ಕೆಳಗಿಟ್ಟು ಕೇಳಿದ. ‘ಇದ್ಯಾಕ್ ಸಾರ್ ಹಿಂಗೆ? ಮೇಸ್ತ್ರಿ ಎಣ್ಣೆ ಹಾಕಿದ್ನಾ?’

‘ಇಲ್ಲಪ್ಪ, ಒಂದು ಹಕ್ಕಿಯಿಂದ ಹಂಗಾಯ್ತು’ ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಮೇಸ್ತ್ರಿಯ ಮೇಲಿದ್ದ ಸಂಶಯವನ್ನು ನನ್ನ ಮೇಲೆ ವರ್ಗಾಯಿಸಿ ಮತ್ತೆ ಬ್ರಷ್ಷು ಎತ್ತಿಕೊಂಡ. ಅವನಿಗೆ ಕೆಲಸವಿತ್ತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ, ಕೇಳಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವು ರಾಜಾಜಿನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಸರ್ಕಾರಿ ಆಫೀಸೊಂದರಲ್ಲಿ ಹೆಡ್ ಗುಮಾಸ್ತರು. ಅರ್ಜಿ ಹಾಕಿ ಹಾಕಿ, ಇನ್ನು ಸಿಗುವುದಿಲ್ಲವೆಂದು ಅಮ್ಮ ಆಸೆ ಕೈಬಿಟ್ಟ ಮೇಲೆ, ವಿಜಯನಗರದ ಆಚೆ ಅತ್ತಿಗುಪ್ಪೆಯ ಕಡೆಗೆ ಅವರಿಗೊಂದು ಸೈಟು ಸಿಕ್ಕಿತು. ಮೂವತ್ತು ನಲವತ್ತರ ಸೈಟು, ಪೂರ್ವಕ್ಕೆ ರಸ್ತೆ. ರಸ್ತೆ ಎಂದರೆ ರಸ್ತೆ ಬರಬೇಕಾದ ಜಾಗ. ಉಳಿದದ್ದೆಲ್ಲ ಕೊಯ್ಲಾದ ರಾಗಿ ಹೊಲ, ಅದರ ತುಂಬ ನಂಬರು ಬರೆದ ಮೋಟು ಕಲ್ಲುಗಳು. ಅವುಗಳಲ್ಲಿ ನಾಲ್ಕು ನಮ್ಮವು.

ಆ ಕಾಲದಲ್ಲಿ ಸೈಟಿನ ಕಲ್ಲುಗಳು ನಡೆಯುತ್ತವೆ ಎಂಬ ಮಾತಿತ್ತು. ಇವತ್ತು ಇಲ್ಲಿದ್ದ ಕಲ್ಲು ಮುಂದಿನ ತಿಂಗಳು ಎರಡಡಿ ಆಚೆ ಇರುತ್ತದೆ, ಪಕ್ಕದವನು ಏನೂ ಅರಿಯದವನ ಹಾಗೆ ಬೇಲಿ ಹಾಕಿರುತ್ತಾನೆ. ಅಪ್ಪನಿಗೆ ಇದರ ಭಯ ಬಹಳ. ಆಫೀಸಿಗೆ ಹೋಗುವ ಅವರು ಕಲ್ಲು ಕಾಯುವುದು ಹೇಗೆ? ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗುವವರೆಗೆ ಏನು ಮಾಡಬೇಕೋ ಅದನ್ನು, ಅಂದರೆ ಏನೂ ಇಲ್ಲದ್ದನ್ನು, ಶ್ರದ್ಧೆಯಿಂದ ಮಾಡುತ್ತಿದ್ದೆ. ‘ದಿನಾ ಬೆಳಿಗ್ಗೆ ಹೋಗಿ ನಾಲ್ಕು ಕಲ್ಲೂ ಇದೆಯಾ ನೋಡ್ಕೊಂಡ್ ಬಾ’ ಎಂದರು. ನನ್ನ ಮೊದಲ ನೌಕರಿ ಅದು. ಸಂಬಳವಿಲ್ಲ, ರಜೆಯೂ ಇಲ್ಲ.

ಭಾನುವಾರ ಮಾತ್ರ ಮೂವರೂ ಹೋಗುತ್ತಿದ್ದೆವು. ಖಾಲಿ ನೆಲದಲ್ಲಿ ನೋಡುವುದೇನು ಎಂದು ಈಗಿನವರು ಕೇಳಬಹುದು. ಅಪ್ಪ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹಾಲು, ಅಡುಗೆಮನೆ, ರೂಮು ಎಲ್ಲ ಮಾಡಿಬಿಟ್ಟಿದ್ದರು. ಒಮ್ಮೆ ನಾನು ಅಡುಗೆಮನೆಯಿಂದ ಗೆರೆ ದಾಟಿ ನೇರವಾಗಿ ಹಾಲಿಗೆ ಬಂದಾಗ, ‘ಬಾಗಿಲು ಆ ಕಡೆ ಇದೆ ಕಣೋ’ ಎಂದು ನಿಜವಾಗಿಯೂ ರೇಗಿದರು. ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತರೆ ಅಮ್ಮ ಥಟ್ಟನೆ ಎದ್ದು, ‘ರೀ, ಇದು ಬಚ್ಚಲು. ಆಚೆ ಕೂತ್ಕೊಳ್ಳೋಣ’ ಎನ್ನುತ್ತಿದ್ದಳು. ನಾವು ಸುಡುವ ಬಿಸಿಲಿನಲ್ಲಿ, ಬಟ್ಟಬಯಲಿನಲ್ಲಿ, ಬಚ್ಚಲಿನಿಂದೆದ್ದು ಹಾಲಿಗೆ ಹೋಗಿ ಕೂರುತ್ತಿದ್ದೆವು. ಅಷ್ಟು ಗಾಳಿ ಬೆಳಕಿನ ಮನೆಯಲ್ಲಿ ನಾವು ಆಮೇಲೆಂದೂ ಊಟ ಮಾಡಿಲ್ಲ.

ಈಶಾನ್ಯದ ಮೂಲೆಗೆ ತುಳಸಿಕಟ್ಟೆ ಎಂದು ನಿಶ್ಚಯವಾಗಿತ್ತು. ಆ ಮೂಲೆಯ ಕಲ್ಲಿನ ಮೇಲೆಯೇ ನಾನು ಆ ಹಕ್ಕಿಯನ್ನು ಮೊದಲು ಕಂಡದ್ದು. ಗುಬ್ಬಚ್ಚಿಗಿಂತ ಒಂದು ಸುತ್ತು ದಪ್ಪ. ಮಣ್ಣಿನ ಬಣ್ಣ, ಎದೆಯ ಮೇಲೆ ಕಪ್ಪು ಗೀರುಗಳು. ಕೂತಿದ್ದಾಗ ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಇದ್ದಕ್ಕಿದ್ದಂತೆ ಅದು ಕಲ್ಲು ಬಿಟ್ಟು ಮೇಲಕ್ಕೆ ಹಾರಿತು. ಎರಡಾಳೆತ್ತರ ಹೋಗಿ, ಇನ್ನೂ ಮೇಲೆ ಹೋಗಿ, ಅಲ್ಲಿಂದ ರೆಕ್ಕೆ ಎತ್ತಿ ಹಿಡಿದು, ಕಾಲು ಇಳಿಬಿಟ್ಟುಕೊಂಡು, ಸಣ್ಣ ದನಿಯಲ್ಲಿ ಹಾಡುತ್ತ ಮೆಲ್ಲಗೆ ಅದೇ ಕಲ್ಲಿನ ಮೇಲೆ ಬಂದು ಇಳಿಯಿತು. ಮತ್ತೆ ಹಾರಿತು, ಮತ್ತೆ ಇಳಿಯಿತು. ನನಗೆ ಅದು ಬಹಳ ಇಷ್ಟವಾಗಿಬಿಟ್ಟಿತು. ಕೆಲಸವಿಲ್ಲದೆ ಮನೆಯಲ್ಲಿ ಕೂತ ಹುಡುಗನಿಗೆ, ಅಷ್ಟು ಮೇಲೆ ಹೋಗಿ ಏನನ್ನೂ ಸಂಪಾದಿಸದೆ ಹಾಡಿಕೊಂಡು ವಾಪಸ್ಸು ಬರುವ ಇನ್ನೊಬ್ಬನನ್ನು ಕಂಡು ಸಮಾಧಾನವಾದರೆ ತಪ್ಪೇನು?

ಅದರ ಫೋಟೋ ತೆಗೆಯಬೇಕು ಎನ್ನಿಸಿತು. ಸೋದರಮಾವನ ಹತ್ತಿರ ಒಂದು ಡಬ್ಬಿ ಕ್ಯಾಮೆರಾ ಇತ್ತು. ಹೊಟ್ಟೆಗೆ ಒತ್ತಿ ಹಿಡಿದು ಮೇಲಿನ ಗಾಜಿನ ಕಿಂಡಿಯಲ್ಲಿ ಬಗ್ಗಿ ನೋಡಬೇಕು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಆರಡಿಗಿಂತ ಹತ್ತಿರ ಹೋದರೆ ಎಲ್ಲ ಮಬ್ಬು, ಆರಡಿಗಿಂತ ದೂರ ನಿಂತರೆ ಹಕ್ಕಿ ಸಾಸಿವೆ ಕಾಳಿನಷ್ಟು. ಇದೂ ಸಾಲದೆಂದು ಕಿಂಡಿಯಲ್ಲಿ ಎಡ ಬಲ ಅದಲುಬದಲು. ಹಕ್ಕಿ ಬಲಕ್ಕೆ ನಡೆದರೆ ಗಾಜಿನಲ್ಲಿ ಎಡಕ್ಕೆ ನಡೆಯುತ್ತದೆ. ನಾನು ಅದನ್ನು ಹಿಂಬಾಲಿಸಿ ಎಡಕ್ಕೆ ತಿರುಗಿದರೆ ಅದು ಪೂರ್ತಿ ಮಾಯ. ಹೀಗೆ ನಾವಿಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿಕೊಂಡು ಎಷ್ಟೋ ಬೆಳಗುಗಳನ್ನು ಕಳೆದೆವು.

ನೆಲದ ಹಕ್ಕಿಯ ಫೋಟೋ ತೆಗೆಯುವವನು ಅಲುಗಾಡದೆ ಕುಕ್ಕರುಗಾಲಿನಲ್ಲಿ ಕೂರಬೇಕು. ಬಿಸಿಲಿಗೆ ಕೊಡೆ ಬೇಕು, ಬಾಯಾರಿಕೆಗೆ ಅಮ್ಮ ಚೊಂಬಿನಲ್ಲಿ ನೀರು ಕೊಟ್ಟಿರುತ್ತಿದ್ದಳು. ಬೆಳಗಿನ ಹೊತ್ತು, ಊರಾಚೆಯ ಹೊಲದಲ್ಲಿ, ಕೊಡೆಯ ಮರೆಯಲ್ಲಿ, ಪಕ್ಕದಲ್ಲಿ ಚೊಂಬಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತವನನ್ನು ಕಂಡರೆ ದಾರಿಹೋಕರು ಏನು ತಿಳಿಯುತ್ತಾರೆ? ಅದನ್ನೇ ತಿಳಿದರು. ಹೆಂಗಸರು ದಾರಿ ಬದಲಿಸಿದರು. ಗಂಡಸರು ಆಕಾಶ ನೋಡುತ್ತ ಹೋದರು. ಒಬ್ಬನೂ ನನ್ನನ್ನು ಮಾತಾಡಿಸಲಿಲ್ಲ. ಕಾಡಿನಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿ ಕೂತವರಿಗೂ ಅಂಥ ಏಕಾಂತ ಸಿಕ್ಕಿರಲಾರದು.

ಕೊನೆಗೆ ಮಾತಾಡಿಸಿದವನು ಮುನಿಯಪ್ಪ. ಅತ್ತಿಗುಪ್ಪೆಯ ರೈತ, ಅರವತ್ತರ ಮೇಲಿನ ವಯಸ್ಸು. ಆ ಹೊಲ ಅವನದೇ ಆಗಿತ್ತು. ಬಡಾವಣೆಗೆಂದು ಸರ್ಕಾರ ತೆಗೆದುಕೊಂಡ ಮೇಲೂ ಹಸು ಮೇಯಿಸಲು ಅಲ್ಲಿಗೇ ಬರುತ್ತಿದ್ದ. ದೂರದಲ್ಲೇ ನಿಂತು, ಮುಖ ಆಚೆ ತಿರುಗಿಸಿಕೊಂಡು ಕೇಳಿದ.

‘ಸಾಮಿ, ಹೊಟ್ಟೆ ಸರಿಯಾಗಿಲ್ವಾ? ನಾಕ್ ದಿನದಿಂದ ನೋಡ್ತಾ ಇವ್ನಿ, ಕುಂತೋರು ಏಳಾಕಿಲ್ಲ. ದಾಳಿಂಬೆ ಸಿಪ್ಪೆ ಕಸಾಯ ಕುಡೀರಿ, ನಿಂತೋಯ್ತದೆ.’

ನಾನು ಕ್ಯಾಮೆರಾ ತೋರಿಸಿದೆ. ಹಕ್ಕಿ ತೋರಿಸಿದೆ. ಅವನು ನಗಲಿಲ್ಲ. ‘ಓ, ನೆಲಗುಬ್ಬಿ’ ಎಂದು ಹತ್ತಿರ ಬಂದು ಕೂತ. ‘ಉಳೋವಾಗ ಗೂಡು ಸಿಕ್ಕುದ್ರೆ ಅಲ್ಲಿ ನೇಗಿಲು ಎತ್ತಿ ಆಚೆಗಿಡ್ತಿದ್ವಿ ಸಾಮಿ. ಒಂದು ಮೊಳ ಹಂಗೇ ಬೀಳು ಬಿಡ್ತಿದ್ವಿ. ನಮ್ಮಪ್ಪ ಕಲಿಸಿದ್ದು. ಒಂದ್ಮೊಳದಾಗೆ ಎಷ್ಟು ರಾಗಿ ಬಂದಾತು, ಬುಡಿ.’

ಮೊದಲ ರೋಲು ಮುಗಿಸಿ ರಾಜಾಜಿನಗರದ ಸ್ಟುಡಿಯೋಗೆ ಕೊಟ್ಟೆ. ಸ್ಟುಡಿಯೋದವರು ಹನ್ನೆರಡು ಚಿತ್ರಗಳನ್ನೂ ಗಾಜಿನ ಮೇಜಿನ ಮೇಲೆ ಹರಡಿ, ‘ಎಲ್ಲಾದ್ರಲ್ಲೂ ಬರೀ ನೆಲಾನೇ ಬಂದಿದೆ ಸಾರ್. ಸೈಟ್ ಮಾರ್ತಾ ಇದೀರಾ?’ ಎಂದರು. ಹನ್ನೆರಡರಲ್ಲೂ ಹಕ್ಕಿ ಇತ್ತು. ಮಣ್ಣಿನ ಬಣ್ಣದ ಹಕ್ಕಿ ಮಣ್ಣಿನ ಮೇಲೆ ಕೂತಾಗ ಕಪ್ಪು ಬಿಳುಪಿನ ಚಿತ್ರದಲ್ಲಿ ಅದು ಇರುವುದೂ ಇಲ್ಲದಿರುವುದೂ ಒಂದೇ. ನಾನು ಬೆರಳಿಟ್ಟು ತೋರಿಸಿದಲ್ಲಿ ಅಮ್ಮನಿಗೆ ಹೆಂಟೆ ಕಂಡಿತು. ನಿಜ ಹೇಳಬೇಕೆಂದರೆ ನಾಲ್ಕಾರು ಚಿತ್ರಗಳಲ್ಲಿ ನನಗೆ ಕಂಡದ್ದೂ ಅದೇ.

ಅಪ್ಪನಿಗೆ ಮಾತ್ರ ಆ ಚಿತ್ರಗಳಿಂದ ಆದ ಸಂತೋಷ ಅಷ್ಟಿಷ್ಟಲ್ಲ. ಮಗ ಕಲ್ಲುಗಳ ಫೋಟೋ ತೆಗೆದು ಸಾಕ್ಷಿ ಇಟ್ಟಿದ್ದಾನೆ ಎಂದು ಅವರು ತಿಳಿದರು. ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿ, ‘ನೋಡೇ, ಎಷ್ಟು ಮುಂದಾಲೋಚನೆ ಇವನಿಗೆ’ ಎಂದು ಅಮ್ಮನ ಮುಂದೆ ನನ್ನನ್ನು ಹೊಗಳಿದರು. ನನ್ನ ಬುದ್ಧಿಯನ್ನು ಅವರು ಹೊಗಳಿದ್ದು ಜೀವನದಲ್ಲಿ ಅದೇ ಮೊದಲು. ಆ ಹೊಗಳಿಕೆಯನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನೆಂಟರು ಬಂದಾಗಲೆಲ್ಲ ಅಪ್ಪ ಆ ಹನ್ನೆರಡು ಹಕ್ಕಿಗಳನ್ನು ಹಂಚಿ, ‘ಇದು ಈಶಾನ್ಯದ ಕಲ್ಲು, ಇದು ಅದೇ ಕಲ್ಲು, ಸ್ವಲ್ಪ ಪಕ್ಕದಿಂದ’ ಎಂದು ವಿವರಿಸುತ್ತಿದ್ದರು.

ಹೀಗಿರುವಾಗ ಭೂಮಿಪೂಜೆಗೆ ಮುಹೂರ್ತ ಇಟ್ಟರು. ವೈಶಾಖದ ಒಂದು ಬೆಳಿಗ್ಗೆ. ಇದು ತಪ್ಪಿದರೆ ಶ್ರಾವಣದವರೆಗೆ ಸರಿಯಾದ ದಿನವಿಲ್ಲ ಎಂದು ಪುರೋಹಿತರು ಹೇಳಿದ್ದರು. ನೆಂಟರಿಗೆಲ್ಲ ಕಾಗದ ಹೋಯಿತು. ಪೂಜೆಗೆ ನಾಲ್ಕು ದಿನವಿದ್ದಾಗ ಮುನಿಯಪ್ಪ ನನ್ನನ್ನು ಕರೆದು, ಈಶಾನ್ಯದ ಕಲ್ಲಿನ ಬುಡದಿಂದ ಒಳಗೆ ಒಂದಡಿಯಲ್ಲಿದ್ದ ಹುಲ್ಲನ್ನು ಕೋಲಿನಿಂದ ಮೆಲ್ಲಗೆ ಸರಿಸಿ ತೋರಿಸಿದ. ಒಂದು ಬಟ್ಟಲಿನಷ್ಟು ಗುಳಿ. ಅದರಲ್ಲಿ ಮೂರು ಬಾಯಿ. ಬಾಯಿಯೊಂದನ್ನು ಬಿಟ್ಟರೆ ಮರಿಗಳ ಮೈಯಲ್ಲಿ ಇನ್ನೇನೂ ಇದ್ದಂತೆ ಕಾಣಲಿಲ್ಲ.

‘ಇನ್ನೊಂದು ವಾರ ಬೇಕು ಸಾಮಿ, ಎದ್ದು ಓಡಾಡಾಕೆ’ ಎಂದ.

ಭೂಮಿಪೂಜೆಯಲ್ಲಿ ಮೊದಲ ಗುದ್ದಲಿ ಬೀಳುವುದು ಎಲ್ಲಿ ಎಂದು ನಿಮಗೆ ಗೊತ್ತೇ ಇದೆ. ಈಶಾನ್ಯದ ಮೂಲೆಯ ಕಲ್ಲಿನ ಪಕ್ಕದಲ್ಲೇ ಗುಂಡಿ ತೋಡಬೇಕು, ಹಾಲು ಹುಯ್ಯಬೇಕು, ನವಧಾನ್ಯ ಹಾಕಬೇಕು. ಇಷ್ಟು ದೊಡ್ಡ ಬಯಲಿನಲ್ಲಿ ಆ ಪೆದ್ದು ಹಕ್ಕಿ ಸರಿಯಾಗಿ ಅಲ್ಲೇ ಮನೆ ಮಾಡಿತ್ತು.

ಅಪ್ಪನಿಗೆ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಲು ಹೋದೆ. ಆಗ ಅವರು ಪೂಜೆಯ ಸಾಮಾನಿನ ಪಟ್ಟಿ ಬರೆಯುತ್ತಿದ್ದರು. ‘ಅಪ್ಪಾ, ಪೂಜೆ ಒಂದು ವಾರ ಮುಂದಕ್ಕೆ ಹಾಕೋಕಾಗಲ್ವಾ?’ ಎಂದೆ.

ಕನ್ನಡಕದ ಮೇಲಿಂದ ನೋಡಿದರು. ‘ಯಾಕೆ, ನಿನಗೆ ಆಫೀಸಿದೆಯಾ?’

ಅಲ್ಲಿಗೆ ಮಾತು ಮುಗಿಯಿತು. ಕಲ್ಲು ಕಾಯಲು ಕಳಿಸಿದವನು ಹಕ್ಕಿ ಕಾಯುತ್ತಿದ್ದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಅಪ್ಪ ಗೂಡಿನ ಪರವಾಗಿ ಒಂದಂಗುಲವನ್ನೂ ಬಿಟ್ಟುಕೊಡುವವರಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡುಬಿಟ್ಟೆ. ಆ ಮೂರು ಬಾಯಿಗಳು ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ.

ಪೂಜೆಯ ಹಿಂದಿನ ದಿನ ಬೆಳಿಗ್ಗೆ ಮುನಿಯಪ್ಪನಿಗೆ ಹೇಳಿದೆ. ‘ಗೌಡ್ರೇ, ಈ ಕಲ್ಲನ್ನ ಸ್ವಲ್ಪ ಈ ಕಡೆ ನೆಟ್ಟುಬಿಡೋಣ. ಅವರು ಕಲ್ಲು ನೋಡ್ಕೊಂಡೇ ಗುಂಡಿ ತೋಡೋದು.’

ಅವನು ಎರಡು ಹೆಜ್ಜೆ ಹಿಂದೆ ಸರಿದ. ‘ಬ್ಯಾಡಿ ಸಾಮಿ. ಬಾಂದುಕಲ್ಲು ಕಿತ್ತೋರ ವಂಸ ಉಳಿಯಾಕಿಲ್ಲ. ನಮ್ಮ ತಾತನ ಕಾಲದಿಂದ ನಾವು ಒಬ್ರ ಗಡಿಕಲ್ಲೂ ಮುಟ್ಟಿದೋರಲ್ಲ.’ ಸ್ವಲ್ಪ ಹೊತ್ತು ಗೂಡಿನ ಕಡೆ ನೋಡಿದ. ಕಲ್ಲಿನ ಕಡೆ ನೋಡಿದ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ, ‘ಇದೇನು ಬಾಂದುಕಲ್ಲಾ ಮತ್ತೆ? ನಂಬರ್ ಕಲ್ಲು. ಹೋದ್ ವರ್ಸ ತಂದು ಹಾಕಿದ್ದು’ ಎಂದು ಹಾರೆ ತರಲು ಹೋದ.

ಕಿತ್ತೆವು, ರಸ್ತೆಯ ಸಾಲಿನಲ್ಲೇ ದಕ್ಷಿಣಕ್ಕೆ ಮೂರಡಿ ಸರಿಸಿ ನೆಟ್ಟೆವು. ಮೂರಡಿ ಯಾಕೆ ಎಂದರೆ, ಹೆದರಿಕೆಗೆ. ಹಳೆಯ ಗುಂಡಿ ಮುಚ್ಚಿ ಮೇಲೆ ಕಸಕಡ್ಡಿ ಹರಡಿದೆವು. ಮರಿಗಳು ಹೋದ ಮೇಲೆ ಮೊದಲಿದ್ದಲ್ಲೇ ನೆಡುವುದು ಎಂದು ಮಾತಾಯಿತು. ನಡೆಯುವ ಕಲ್ಲುಗಳನ್ನು ಕಾಯಲು ನೇಮಕವಾದ ನಾನು ಅವುಗಳಲ್ಲೊಂದನ್ನು ನಡೆಸಿಬಿಟ್ಟಿದ್ದೆ. ಆ ಬಯಲಿನಲ್ಲಿ ನಾನು ಕಂಡಂತೆ ನಡೆದ ಕಲ್ಲು ಅದೊಂದೇ.

ಪೂಜೆಯ ದಿನ ಸೋದರಮಾವ ಹೊಸ ರೋಲು ತಂದು, ‘ಫೋಟೋ ನೀನೇ ತೆಗಿ’ ಎಂದ. ಅಪ್ಪ ಬಿಳಿ ಪಂಚೆ ಉಟ್ಟು ಗುದ್ದಲಿ ಹಿಡಿದು ನಿಂತರು. ಪಕ್ಕದಲ್ಲಿ ಅಮ್ಮ. ನಾನು ಎದುರಿಗೆ ಕಿಂಡಿಯಲ್ಲಿ ಬಗ್ಗಿ ನೋಡುತ್ತಿದ್ದೆ. ಅಷ್ಟರಲ್ಲಿ ನೆಲಗುಬ್ಬಿ ಬಂದು ನಮ್ಮ ನಡುವಿನ ಕಲ್ಲಿನ ಮೇಲೆ ಕೂತಿತು, ಬಾಯಲ್ಲಿ ಹುಳು. ನಾನು ಯೋಚಿಸಲಿಲ್ಲ. ಡಬ್ಬಿಯನ್ನು ಕೆಳಕ್ಕೆ ವಾಲಿಸಿ ಒತ್ತಿದೆ.

ನಾನು ತೆಗೆದ ಹಕ್ಕಿಯ ಫೋಟೋಗಳಲ್ಲಿ ಹಕ್ಕಿ ಕಂಡದ್ದು ಅದೊಂದರಲ್ಲೇ. ಮಣ್ಣಿನ ಮೇಲೆ ಎಂದೂ ಕಾಣದ ಪ್ರಾಣಿ ಅಪ್ಪನ ಬಿಳಿ ಪಂಚೆಯ ಮುಂದೆ ಗೀರುಗೀರೂ ಎಣಿಸುವ ಹಾಗೆ ಬಂದಿತ್ತು, ಹುಳುವಿನ ಸಮೇತ. ಅಪ್ಪನದೂ ಅಮ್ಮನದೂ ತಲೆ ಇರಲಿಲ್ಲ. ಅಮ್ಮ ಒಂದು ದಿನ ಪೂರ್ತಿ ಮಾತು ಬಿಟ್ಟಳು. ಅಪ್ಪ ಭೂತಗನ್ನಡಿ ತರಿಸಿ ಬಹಳ ಹೊತ್ತು ನೋಡಿ, ಆ ಚಿತ್ರಕ್ಕೆ ಕಟ್ಟು ಹಾಕಿಸಿಕೊಂಡು ಬಂದರು. ಸ್ವಂತ ತಲೆಯಿಲ್ಲದ ಚಿತ್ರಕ್ಕೆ ಕಟ್ಟು ಹಾಕಿಸುವುದು ಸೈಟಿನ ಹುಚ್ಚು ಎಂದುಕೊಂಡು ನಾನು ಒಳಗೊಳಗೇ ನಕ್ಕೆ.

ಪೂಜೆಯ ಮರುದಿನವೇ ಮೇಸ್ತ್ರಿ ಕಾಂಪೌಂಡಿನ ಪಾಯಕ್ಕೆ ದಾರ ಹಿಡಿದ. ಸಾಮಾನು ಕಳುವಾಗದಿರಲು ಮೊದಲು ಕಾಂಪೌಂಡು ಎಂದು ಅಪ್ಪ ಹೇಳಿದ್ದರಂತೆ, ನನಗೆ ಗೊತ್ತಿರಲಿಲ್ಲ. ಹಿತ್ತಲ ಕಲ್ಲಿಂದ ಮುಂದಿನ ಕಲ್ಲಿಗೆ ಎಳೆದ ಮೇಸ್ತ್ರಿ ಒಂದು ಕಣ್ಣು ಮುಚ್ಚಿ ನೋಡಿ, ‘ಸಾಮಿ, ದಾರ ಸೊಟ್ಟ ಬರ್ತೈತೆ’ ಎಂದ.

ಅಪ್ಪ ನನ್ನ ಕಡೆ ನೋಡಿದರು. ನಾನು ಕ್ಯಾಮೆರಾದ ಗಾಜು ಒರೆಸುತ್ತಿದ್ದೆ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆಚೆ ಹುಲ್ಲಿನಲ್ಲಿ ಮರಿಗಳು ಇನ್ನೂ ಇದ್ದವು.

‘ಕಲ್ಲು ಇರೋ ಕಡೆಗೆ ಎಳಿಯಪ್ಪ’ ಎಂದರು ಅಪ್ಪ.

ಹಿತ್ತಲಿನಿಂದ ಪಾಯ ತೋಡುತ್ತ ಆಳುಗಳು ಮುಂದಿನ ಮೂಲೆಗೆ ಬರುವುದಕ್ಕೆ ಐದು ದಿನ ಹಿಡಿಯಿತು. ಅಷ್ಟರಲ್ಲಿ ಗೂಡು ಖಾಲಿಯಾಗಿತ್ತು. ಎರಡು ಮರಿಗಳು ಹೆಂಟೆಗಳ ನಡುವೆ ಓಡಾಡುವುದನ್ನು ನಾನೂ ಮುನಿಯಪ್ಪನೂ ಕಂಡೆವು. ಮೂರನೆಯದು ಏನಾಯಿತೋ ತಿಳಿಯಲಿಲ್ಲ. ಇತ್ತ ಪಾಯಕ್ಕೆ ಕಲ್ಲು ಬಿದ್ದಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಗೋಡೆ ಎದ್ದಿತು, ಮನೆ ಎದ್ದಿತು, ಗೃಹಪ್ರವೇಶವೂ ಆಯಿತು. ಅಂಗುಲಕ್ಕೆ ಅಂಗುಲ ಕಾದಿದ್ದ ಅಪ್ಪನಿಗೆ ನಾನೇ ಮೋಸ ಮಾಡಿದೆ ಎಂಬುದು ನನ್ನನ್ನು ಕೊರೆಯುತ್ತಲೇ ಇತ್ತು. ವಾಸ್ತು ಬಲ್ಲ ನೆಂಟರು ಬಂದು ಅಪ್ಪನಿಗೆ ಬುದ್ಧಿ ಹೇಳುವಾಗಲೆಲ್ಲ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಹೀಗೆ ಐದು ವರ್ಷ. ನನಗೆ ಕೆಲಸ ಸಿಕ್ಕಿತ್ತು, ಕೂದಲು ಉದುರತೊಡಗಿತ್ತು. ಉತ್ತರದ ಪಕ್ಕದ ಸೈಟಿನವರು, ರಿಟೈರಾದ ರುದ್ರಯ್ಯ ಮೇಷ್ಟ್ರು, ಮನೆ ಕಟ್ಟಲು ಹೊರಟರು. ಒಂದು ಭಾನುವಾರ ಬೆಳಿಗ್ಗೆ ಟೇಪು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾನು ಒಳಗಿನ ರೂಮಿನಲ್ಲಿದ್ದೆ.

‘ತಪ್ಪು ತಿಳ್ಕೋಬೇಡಿ ಸಾರ್’ ಎಂದರು ಮೇಷ್ಟ್ರು ಅಪ್ಪನಿಗೆ. ‘ನನ್ನ ಸೈಟ್ ಅಳೆದ್ರೆ ಮುಂದುಗಡೆ ಮೂರಡಿ ಜಾಸ್ತಿ ಬರ್ತಾ ಇದೆ. ಅದು ನಿಮ್ಮದು. ಯಾರೋ ನಿಮ್ಮ ಮೂಲೆ ಕಲ್ಲು ಸರಿಸಿದಾರೆ. ನಾನು ಕಾಂಪೌಂಡ್ ಹಾಕೋಕ್ ಮುಂಚೆ ಸರಿ ಮಾಡ್ಕೊಂಡ್ಬಿಡಿ.’

ನಾನು ಎದ್ದು ರೂಮಿನ ಬಾಗಿಲ ಮರೆಗೆ ಬಂದು ನಿಂತೆ.

‘ಗೊತ್ತು ಮೇಷ್ಟ್ರೇ’ ಎಂದರು ಅಪ್ಪ.

‘ಗೊತ್ತಾ? ಯಾವಾಗಿಂದ?’

‘ಪೂಜೆ ದಿನದಿಂದ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಒಬ್ನೇ ಹೋಗಿ ಟೇಪ್ ಹಿಡಿದಿದ್ದೆ. ಹಳೇ ಗುಂಡಿ ಮಣ್ಣು ಇನ್ನೂ ಹಸಿ ಇತ್ತು.’

‘ಮತ್ತೆ ಅವತ್ತೇ ಸರಿ ಮಾಡಿಸಬಾರ್ದಿತ್ತಾ?’

‘ಕಿತ್ತವನೇ ಬಂದು ಹೇಳ್ತಾನೆ ಅಂತ ಸುಮ್ನಿದ್ದೆ’ ಎಂದರು ಅಪ್ಪ, ರೂಮಿನ ಬಾಗಿಲಿನ ಕಡೆಗೆ ಸ್ವಲ್ಪ ದನಿ ಎತ್ತಿ. ‘ಐದು ವರ್ಷ ಆಯ್ತು, ಇನ್ನೂ ಬರ್ತಾನೇ ಇದಾನೆ.’

ನಾನು ಹೊರಗೆ ಬಂದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಪ್ಪನನ್ನು ನಾನು ಎಷ್ಟು ಕಡಿಮೆ ತಿಳಿದಿದ್ದೆ ಎಂದು ಅಳುವೇ ಬಂದಂತಾಯಿತು. ‘ಅಪ್ಪಾ, ಅಲ್ಲಿ ಒಂದು ಗೂಡಿತ್ತು...’ ಎಂದೆ.

‘ನೋಡ್ದೆ. ಮೂರು ಮರಿ.’

ಅಪ್ಪ ಎದ್ದು ಗೋಡೆಯ ಮೇಲಿದ್ದ, ತಲೆಯಿಲ್ಲದ ಆ ಫೋಟೋದ ಹತ್ತಿರ ಹೋದರು. ಪಂಚೆಯ ಮುಂದೆ ಹುಳು ಕಚ್ಚಿ ಕೂತಿದ್ದ ಹಕ್ಕಿಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. ಐದು ವರ್ಷದಿಂದ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತನ್ನು ಕೊನೆಗೂ ಹೇಳಿದರು.

‘ಆದ್ರೆ ಮೂರಡಿ ಬೇಕಿರ್ಲಿಲ್ಲ ಕಣೋ. ಒಂದೂವರೆ ಸಾಕಿತ್ತು. ಗೂಡಿಂದ ನಾನೇ ಅಳೆದಿದ್ದೆ.’